ಮೇಷ್ಟ್ರ ಜೊತೆ ಗೋವಾದಲ್ಲಿ ಮೂರು ಹಗಲು

ನಾನೂ ನಮ್ಮ ಮನೆಯವರೂ ಒಟ್ಟಿಗೆ ಹೊರಟ ಕಡೆಯಲ್ಲೆಲ್ಲ ಏನಾದರೊಂದು ಎಡವಟ್ಟು ಆಗದೆ ಇದ್ದದ್ದೇ ಇಲ್ಲ. ಮದುವೆಗೆ ಹೋಗಿ ಪಕ್ಕದ ಛತ್ರದಲ್ಲಿ ಊಟ ಮಾಡಿ ಬಂದಿದ್ದೇವೆ. ಸಾವಿನ ಮನೆಗೆ ಹೋಗಿ ಬದುಕಿದ್ದವರಿಗೇ ಸಂತಾಪ ಹೇಳಿ ಬಂದಿದ್ದೇವೆ. ಆದ್ದರಿಂದ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾವು ಒಟ್ಟಿಗೆ ಹೊರಟದ್ದೇ ಕಡಿಮೆ. ಬಹುಶಃ ಸಂಸಾರ ಉಳಿದದ್ದೂ ಅದರಿಂದಲೇ.

ಅವರು ತೀರ್ಥಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಸಾಗರದ ಒಂದು ಸರ್ಕಾರಿ ಕಚೇರಿಯಲ್ಲಿ ಬಂದ ಟಪಾಲಿಗೆ ಸೀಲು ಒತ್ತುವವಳು. ಮನೆ ಮಾತ್ರ ಹೊಸನಗರದಲ್ಲಿ. ಮಧ್ಯದ ಊರಿನಲ್ಲಿ ಮನೆ ಮಾಡಿದರೆ ಇಬ್ಬರಿಗೂ ಸಮ ಅಂತ ಲೆಕ್ಕ ಹಾಕಿದ್ದು ಮೇಷ್ಟ್ರೇ. ಇಬ್ಬರಿಗೂ ಸಮವಾಗಿಯೇ ತೊಂದರೆಯಾಗಿದೆ, ಲೆಕ್ಕ ತಪ್ಪಿಲ್ಲ. ಬೆಳಗಾದರೆ ಅವರು ಆ ಕಡೆಯ ಬಸ್ಸು, ನಾನು ಈ ಕಡೆಯ ಬಸ್ಸು. ಸಂಜೆ ಕತ್ತಲಾದ ಮೇಲೆ ಇಬ್ಬರೂ ವಾಪಸ್ಸು. ಮಗಳು ಹಾಸ್ಟೆಲ್ ಸೇರಿದ ಮೇಲಂತೂ ಮನೆಯ ಬೀಗಕ್ಕೇ ನಮ್ಮಿಬ್ಬರಿಗಿಂತ ಜಾಸ್ತಿ ಕೆಲಸ.

೧. ರಜೆಯ ಕಾರಣ

ಸಾಗರದ ಪಾತ್ರೆ ಅಂಗಡಿಯೊಂದರಲ್ಲಿ ಗ್ರೈಂಡರ್ ತೆಗೆದುಕೊಂಡಾಗ ಒಂದು ಕೂಪನ್ ಕೊಟ್ಟಿದ್ದರು. ಅದಕ್ಕೆ ಎರಡನೇ ಬಹುಮಾನ ಬಂತು. ಗೋವಾದ ಕಡಲತೀರದ ರೆಸಾರ್ಟಿನಲ್ಲಿ ದಂಪತಿಗಳಿಗೆ ಮೂರು ದಿನ, ಜೊತೆಗೆ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗಿಗೆ ಪುಕ್ಕಟೆ ಪ್ರವೇಶ.

"ಇದಕ್ಕೆಲ್ಲ ಅದೃಷ್ಟ ಅನ್ಬೇಡ ಮಾರಾಯ್ತಿ," ಅಂದರು ಮೇಷ್ಟ್ರು. "ಯಾರಿಗಾದ್ರೂ ಒಬ್ರಿಗೆ ಬರ್ಲೇಬೇಕಿತ್ತು, ನಿನಗೆ ಬಂತು."

"ನಿಮ್ಮನ್ನ ಮದುವೆ ಆಗುವಾಗ್ಲೂ ನಾನು ಹಾಗೇ ಅಂದ್ಕೊಂಡಿದ್ದೆ," ಅಂದೆ.

ನನಗೆ ಈ ಪ್ರವಾಸ ಬೇಕಾಗಿದ್ದಕ್ಕೆ ಬೇರೆಯೇ ಕಾರಣ ಇತ್ತು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ ಒಂದೇ ಊರಿಗೆ ವರ್ಗ ಕೇಳಬಹುದು. ಮೇಷ್ಟ್ರು ಸಾಗರಕ್ಕೆ ವರ್ಗ ಕೇಳುವ ಅರ್ಜಿ ತಂದು, ತುಂಬಿ, ನನ್ನ ಸಹಿ ಒಂದನ್ನು ಬಾಕಿ ಇಟ್ಟು ಟೇಬಲ್ಲಿನ ಮೇಲೆ ಇಟ್ಟಿದ್ದರು. ನಾನು ಹದಿನೈದು ದಿನದಿಂದ ಅದರ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದೆ. ವರ್ಗ ಆಯಿತು ಅಂದರೆ ಬೆಳಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು, ಮಧ್ಯಾಹ್ನ ಬುತ್ತಿಯೂ ಒಟ್ಟಿಗೇ. ಈ ಮನುಷ್ಯನನ್ನು ನಾನು ಬೆಳಕಿನಲ್ಲಿ ಸರಿಯಾಗಿ ನೋಡಿದ್ದು ಭಾನುವಾರಗಳಲ್ಲಿ ಮಾತ್ರ. ಆ ಭಾನುವಾರಗಳಲ್ಲೂ ಮುಕ್ಕಾಲು ಪಾಲು ಉತ್ತರಪತ್ರಿಕೆ ತಿದ್ದುವುದರಲ್ಲೇ ಮುಗಿಯುತ್ತಿತ್ತು. ಸಹಿ ಹಾಕುವ ಮುಂಚೆ ಮೂರು ದಿನ ಪರೀಕ್ಷೆ ಮಾಡಿ ನೋಡೋಣ ಅನ್ನುವುದು ನನ್ನ ಯೋಚನೆ.

ಶುಕ್ರವಾರ ಸರ್ಕಾರಿ ರಜೆ, ನನಗೆ ಎರಡನೇ ಶನಿವಾರವೂ ರಜೆ. ಮೇಷ್ಟ್ರಿಗೆ ಮಾತ್ರ ಶನಿವಾರಕ್ಕೆ ರಜೆ ಕೇಳಬೇಕಿತ್ತು. ಹೆಡ್‌ಮಿಸ್ಸಿಗೆ ಗೋವಾ ಅನ್ನಲು ಇವರಿಗೆ ನಾಚಿಕೆ. ಸುಳ್ಳು ಹೇಳಲು ಧೈರ್ಯ ಇಲ್ಲ.

"ಕಾರಣ ಎಂತ ಸಾರ್?" ಅಂತ ಅವರು ಕೇಳಿದರಂತೆ.

"ನಮ್ಮನೆಯವಳು ಹೋಗ್ಲೇಬೇಕು ಅಂತ ಹಟ ಹಿಡಿದಿದಾಳೆ ಮೇಡಂ. ನಾನು ಬೇಡ ಅಂದೆ. ಕೇಳ್ತಾ ಇಲ್ಲ."

ಹೆಡ್‌ಮಿಸ್ಸು ಮರುಮಾತಿಲ್ಲದೆ ಸಹಿ ಹಾಕಿ, "ಧೈರ್ಯ ತಗೊಳ್ಳಿ ಸಾರ್," ಅಂದು ಕಳಿಸಿದರಂತೆ.

ಮರುದಿನ ಸಂಜೆ ನಮ್ಮ ಮನೆಗೆ ಅವರ ಸ್ಕೂಲಿನ ಕನ್ನಡ ಮೇಷ್ಟ್ರು ಮತ್ತು ಹಿಂದಿ ಮೇಡಂ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ನಮ್ಮವರಿನ್ನೂ ಬಸ್ಸಿನಲ್ಲಿದ್ದರು. ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಮುಟ್ಟಲಿಲ್ಲ.

"ನೋಡಿ ಮೇಡಂ," ಅಂದರು ಕನ್ನಡ ಮೇಷ್ಟ್ರು, "ಮನುಷ್ಯ ಸ್ವಲ್ಪ ಒಣ. ಆದ್ರೆ ಕೆಟ್ಟವರಲ್ಲ. ದುಡುಕಿ ಹೊರಟುಬಿಡ್ಬೇಡಿ."

ಗೋವಾ ವಿಷಯ ಗೊತ್ತಾಗಿ ಬಂದಿದ್ದಾರೆ ಅಂತ ನಾನು ತಿಳಿದೆ. "ಅಯ್ಯೋ, ಮೂರೇ ದಿನ. ಭಾನುವಾರ ಸಂಜೆ ವಾಪಸ್ ಬಂದ್ಬಿಡ್ತೀನಿ," ಅಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿಂದಿ ಮೇಡಂ ದನಿ ತಗ್ಗಿಸಿ, "ತಪ್ಪು ತಿಳೀಬೇಡಿ. ಯಾರ ಜೊತೆ ಹೋಗ್ತಿದೀರಿ?" ಅಂದರು.

"ಇವರ ಜೊತೆಗೇ! ಗೋವಾಕ್ಕೆ!"

ಕನ್ನಡ ಮೇಷ್ಟ್ರು ಆಗ ಕಾಫಿ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು. ಆಮೇಲೆ ಇನ್ನೂ ಗಂಭೀರವಾಗಿ ಹೇಳಿದರು: "ಇವರ ಜೊತೆ ಮೂರು ದಿನವಾ? ಮೇಡಂ, ಇನ್ನೊಂದ್ಸಲ ಯೋಚ್ನೆ ಮಾಡಿ."

೨. ಸೀಟು ಹಿಡಿದದ್ದು

ಶುಕ್ರವಾರ ಬೆಳಗ್ಗೆ ಹೊಸನಗರ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು. ನಾನು ನೀರಿನ ಬಾಟಲಿ ತರಲು ಹೋದೆ. "ನೀನು ಬಾ, ನಾನು ಹೋಗಿ ಸೀಟು ಹಿಡೀತೀನಿ," ಅಂದು ಮೇಷ್ಟ್ರು ಎರಡೂ ಬ್ಯಾಗು ಎತ್ತಿಕೊಂಡು ಹೋದರು.

ನಾನು ಬಂದು ಸಾಗರದ ಬಸ್ಸು ಹತ್ತಿದೆ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಹಿಂದೆ ಎಲ್ಲೋ ಕೂತಿರಬೇಕು ಅಂದುಕೊಂಡೆ. ಬಸ್ಸು ಊರು ದಾಟಿ, ಜನ ಸ್ವಲ್ಪ ಸರಿದ ಮೇಲೆ ನೋಡಿದರೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಫೋನ್ ಮಾಡಿದೆ.

"ರೀ, ಎಲ್ಲಿದೀರಿ?"

"ನಾನು ಸೀಟು ಹಿಡಿದು ಕೂತು ಆಗ್ಲೇ ಹತ್ತು ನಿಮಿಷ ಆಯ್ತು. ನಿನ್ನ ಜಾಗಕ್ಕೆ ಕರ್ಚೀಫ್ ಹಾಕಿದೀನಿ. ನೀನೇ ಎಲ್ಲಿ?"

ನನಗೆ ಅನುಮಾನ ಬಂತು. "ಕಿಟಕಿ ಹೊರಗೆ ಎಂತ ಕಾಣ್ತಿದೆ?"

"ದಿನಾ ಕಾಣೋದೇ," ಅಂದರು. ಆಮೇಲೆ, "ಅಯ್ಯೋ," ಅಂದರು.

ಇಪ್ಪತ್ತೆರಡು ವರ್ಷ ಹತ್ತಿದ ಬಸ್ಸನ್ನೇ ಕಾಲು ತಾನಾಗಿ ಹತ್ತಿತ್ತು. ಕೈಯಲ್ಲಿ ಎರಡು ಬ್ಯಾಗು ಹಿಡಿದು, ಪಕ್ಕದಲ್ಲಿ ಹೆಂಡತಿಗೆ ಕರ್ಚೀಫು ಹಾಸಿ, ಮೇಷ್ಟ್ರು ರಜೆಯ ದಿನ ತೀರ್ಥಹಳ್ಳಿಗೆ ಹೊರಟಿದ್ದರು. ಅಷ್ಟರಲ್ಲಿ ಫೋನಿನಲ್ಲಿ ಬೇರೆ ದನಿ ಕೇಳಿತು. ದಿನವೂ ಇವರಿಗೆ ಟಿಕೆಟ್ ಕೊಡುವ ಕಂಡಕ್ಟರ್.

"ಮೇಡಂ, ಹೆದರ್ಬೇಡಿ. ಎದುರುಗಡೆಯಿಂದ ನಮ್ದೇ ಇನ್ನೊಂದು ಬಸ್ ಬರ್ತಿದೆ, ಕೈ ಅಡ್ಡ ಹಾಕ್ತೀನಿ. ಇಲ್ಲಿ ಬ್ಯಾಗು ಎರಡಿದೆ, ಮೇಷ್ಟ್ರು ಒಬ್ರಿದಾರೆ. ಎಲ್ಲಾನೂ ಕಳಿಸ್ಲಾ, ಬ್ಯಾಗು ಸಾಕಾ?"

೩. ಬಕೆಟ್

ನಾನು ಸಾಗರದಲ್ಲಿ ಒಂದೂವರೆ ಗಂಟೆ ಕಾದೆ. ಮೇಷ್ಟ್ರು ಬಂದ ಮೇಲೆ ಜೋಗದ ದಾರಿಯಲ್ಲಿ ಘಟ್ಟ ಇಳಿದು, ಹೊನ್ನಾವರ, ಕಾರವಾರ ದಾಟಿ ಗೋವಾ ಮುಟ್ಟುವಾಗ ಸಂಜೆಯಾಗಿತ್ತು. ರೆಸಾರ್ಟಿನ ಕೌಂಟರಿನಲ್ಲಿದ್ದ ಹುಡುಗಿ ಕಾರವಾರದ ಕಡೆಯವಳು, ಕನ್ನಡ ಬರುತ್ತಿತ್ತು. ನಮ್ಮ ಕೂಪನ್ ನೋಡಿ, "ಹನಿಮೂನ್ ಪ್ಯಾಕೇಜ್! ಕಂಗ್ರಾಜುಲೇಷನ್ಸ್. ಮದುವೆ ಯಾವಾಗ ಆಯ್ತು?" ಅಂದಳು.

"ಇಪ್ಪತ್ತೆರಡು ವರ್ಷ ಆಯ್ತು," ಅಂದರು ಮೇಷ್ಟ್ರು.

"ತಡ ಏನಾಗಿಲ್ಲ ಸರ್," ಅಂದಳು. ಅಂಥ ಕೆಲಸಕ್ಕೆ ತಕ್ಕ ಹುಡುಗಿ.

ರೂಮಿನ ಮಂಚದ ಮೇಲೆ ಗುಲಾಬಿ ಎಸಳಿನಲ್ಲಿ ದೊಡ್ಡ ಹೃದಯ ಬರೆದಿದ್ದರು. ಅದರ ನಡುವೆ ಟವೆಲ್ ಮಡಚಿ ಮಾಡಿದ ಎರಡು ಹಂಸಗಳು ಮುತ್ತು ಕೊಡುತ್ತಾ ಕೂತಿದ್ದವು. ಮೇಷ್ಟ್ರು ಒಂದು ಹಂಸದ ಕುತ್ತಿಗೆ ಹಿಡಿದು ಜಾಡಿಸಿ, ಹೆಗಲ ಮೇಲೆ ಹಾಕಿಕೊಂಡು ಸ್ನಾನಕ್ಕೆ ನಡೆದರು. ಉಳಿದ ಹಂಸ ನನ್ನನ್ನೇ ನೋಡುತ್ತಿತ್ತು. ನಾನೇನು ಮಾಡಲಿ, ನನ್ನದೂ ಅದೇ ಕಥೆ.

ಅರ್ಧ ನಿಮಿಷಕ್ಕೆ ಹೊರಗೆ ಬಂದರು. "ಒಳಗೆ ಬಕೆಟ್ ಇಲ್ಲ. ಚೊಂಬೂ ಇಲ್ಲ."

"ಮೇಲಿಂದ ನೀರು ಬೀಳುತ್ತೆ, ಅದರ ಕೆಳಗೆ ನಿಂತ್ಕೊಳ್ಳಿ."

"ಮಳೆಯಲ್ಲಿ ನೆನೆಯೋಕೆ ಆಗುಂಬೆ ಸಾಕಿತ್ತಲ್ಲ, ಇಲ್ಲಿಗೆ ಯಾಕೆ ಬರ್ಬೇಕಿತ್ತು?" ಅಂದು ಫೋನ್ ಎತ್ತಿದರು. ಆ ಕಡೆ ಇದ್ದವನಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. "ಬಕೆಟ್! ಬಕೆಟ್!" ಅಂತ ಎರಡು ಸಲ ಹೇಳಿ ಇಟ್ಟರು.

ಐದು ನಿಮಿಷಕ್ಕೆ ಬಾಗಿಲು ತಟ್ಟಿದ ಶಬ್ದ. ಬಿಳಿ ಸಮವಸ್ತ್ರ ಹಾಕಿದ ಒಬ್ಬರು ಹೊಳೆಯುವ ಒಂದು ಪುಟ್ಟ ಸ್ಟೀಲ್ ಬಕೆಟ್ಟಿನ ತುಂಬ ಐಸ್ ಗಡ್ಡೆ ತಂದಿಟ್ಟು, ಮೇಲೊಂದು ಚಿಮಟ ಇಟ್ಟು, ನಕ್ಕು ಹೋದರು. ಮೇಷ್ಟ್ರು ಮತ್ತೆ ಫೋನ್ ಮಾಡಿ, "ಬಿಗ್! ಬಿಗ್ ಬಕೆಟ್!" ಅಂದರು. ಈ ಸಲ ಅದಕ್ಕಿಂತ ದೊಡ್ಡ ಬಕೆಟ್ಟು ಬಂತು. ಐಸೂ ಜಾಸ್ತಿ ಇತ್ತು, ಜೊತೆಗೆ ನಾಲ್ಕು ಗ್ಲಾಸು. ಕೊನೆಗೆ ಐಸನ್ನೆಲ್ಲ ಸಿಂಕಿಗೆ ಸುರಿದು, ಆ ಬಕೆಟ್ಟಿನಲ್ಲಿ ನೀರು ತುಂಬಿ, ಗ್ಲಾಸಿನಲ್ಲಿ ಮೊಗೆದು ಮೊಗೆದು ನಮ್ಮ ಮೇಷ್ಟ್ರು ಸಂತೋಷವಾಗಿ ಸ್ನಾನ ಮಾಡಿದರು.

ಬೆಳಗ್ಗೆ ರೂಮು ಗುಡಿಸಲು ಬಂದ ಹೆಂಗಸು ಖಾಲಿ ಬಕೆಟ್ಟು ಎರಡು, ಒದ್ದೆ ಗ್ಲಾಸು ನಾಲ್ಕು ನೋಡಿದಳು. ಮೇಷ್ಟ್ರ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಯಾರೂ ಕೇಳದೆ ಇಬ್ಬರಿಗೂ ನಿಂಬೆಹಣ್ಣಿನ ಪಾನಕ ತಂದುಕೊಟ್ಟಳು.

೪. ಮರಳಿನ ಮೇಲೆ ಹತ್ತು ನಿಮಿಷ

ಶನಿವಾರ ಬೆಳಗ್ಗೆ ಸಮುದ್ರದ ದಡದಲ್ಲಿ ಕೂತೆವು. ಅಲ್ಲಿದ್ದವರ ಮೈಮೇಲೆಲ್ಲ ಒಟ್ಟು ಸೇರಿಸಿದರೆ ಎಷ್ಟು ಬಟ್ಟೆ ಇತ್ತೋ ಅದಕ್ಕಿಂತ ಜಾಸ್ತಿ ಮೇಷ್ಟ್ರ ಒಬ್ಬರ ಮೈಮೇಲಿತ್ತು. ತುಂಬು ತೋಳಿನ ಅಂಗಿ, ಪ್ಯಾಂಟು, ಕೈಯಲ್ಲಿ ಕೊಡೆ. ಆಕಾಶದಲ್ಲಿ ಒಂದೂ ಮೋಡ ಇರಲಿಲ್ಲ. "ನಮ್ಮ ಕಡೆಯವರು ಮೋಡ ನೋಡಿ ಕೊಡೆ ಹಿಡಿಯೋದಿಲ್ಲ," ಅಂದರು.

ಮಾತು ಶುರುವಾಯಿತು. ಗ್ಯಾಸ್ ಬುಕ್ ಮಾಡಿದ್ದು, ಮಗಳ ಫೀಸು ಕಟ್ಟಿದ್ದು, ಕೊಟ್ಟಿಗೆಯ ಶೀಟು ತೂತಾದದ್ದು. ಎಲ್ಲ ಮುಗಿಯಿತು. ಮೇಷ್ಟ್ರು ಗಡಿಯಾರ ನೋಡಿಕೊಂಡು ಎದ್ದು ನಿಂತರು.

"ಎಲ್ಲಿಗೆ ಹೊರಟ್ರಿ?"

ಅವರು ಸುತ್ತಮುತ್ತ ನೋಡಿದರು. "ಗೊತ್ತಿಲ್ಲ. ಹತ್ತು ನಿಮಿಷ ಆಯ್ತಲ್ಲ, ಏಳ್ಬೇಕು ಅನ್ನಿಸ್ತು."

ಬೆಳಗ್ಗೆ ಬಸ್ಸಿಗೆ ಮುಂಚೆ ನಮಗೆ ಸಿಗುವುದು ಹತ್ತೇ ನಿಮಿಷ. ನಮ್ಮ ಸಂಸಾರದ ಮಾತೆಲ್ಲ ಅಷ್ಟರೊಳಗೆ ಮುಗಿಯುವ ಹಾಗೆ ರೂಢಿಯಾಗಿಬಿಟ್ಟಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮೂರು ದಿನದಲ್ಲಿ ಹತ್ತು ನಿಮಿಷಕ್ಕೇ ಖಾಲಿಯಾದವರು ಇಡೀ ದಿನ ಒಂದೇ ಊರಿನಲ್ಲಿ ಎಂತ ಮಾಡುವುದು? ಟೇಬಲ್ಲಿನ ಮೇಲಿನ ಅರ್ಜಿ ನೆನಪಾಯಿತು.

"ಕೂತ್ಕೊಳ್ಳಿ," ಅಂದೆ. ಕೂತರು. ಏನು ಮಾತಾಡುವುದೆಂದು ತಿಳಿಯದೆ ಅವರ ಮುಖ ನೋಡಿದೆ. "ರೀ, ನಿಮ್ಮ ಕಿವಿ ಹಿಂದೆ ಇದೆಂತ, ಮಚ್ಚೆಯಾ? ಯಾವಾಗ ಬಂತು?"

"ಹುಟ್ಟಿದಾಗ."

"ನಾನು ನೋಡೇ ಇಲ್ವಲ್ರೀ."

"ನಿನ್ನ ಎಡಗೆನ್ನೆಯಲ್ಲಿ ನಗುವಾಗ ಒಂದು ಗುಳಿ ಬೀಳುತ್ತೆ," ಅಂದರು ಸಮುದ್ರ ನೋಡುತ್ತಾ. "ಬಲಗೆನ್ನೆಯಲ್ಲಿ ಬೀಳೋದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ನಿಂತ್ಕೊಳ್ಳೋ ಕಡೆಯಿಂದ ಅದು ಕಾಣುತ್ತೆ."

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಬಂದ ಪ್ರೇಮದ ಮಾತು ಇದೊಂದೇ. ನಾನು ಇನ್ನೂ ಅದನ್ನು ಅರಗಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದಡದ ಮೇಲೆ ಫೋಟೋ ತೆಗೆಯುವವನೊಬ್ಬ ಓಡಿ ಬಂದ. "ಮೇಡಂ, ಸೂಪರ್ ಜೋಡಿ! ಸರ್ ಭುಜದ ಮೇಲೆ ತಲೆ ಇಡಿ!" ಅಂತ ಕೈಸನ್ನೆ ಮಾಡಿ ತೋರಿಸಿದ. ನಾನೂ ಆ ಹೊತ್ತಿನ ಗುಂಗಿನಲ್ಲಿ ಬಾಗಿದೆ.

"ಆ ಕಡೆ ಬೇಡ," ಅಂದರು ಮೇಷ್ಟ್ರು. "ಬೋರ್ಡ್ ಮೇಲೆ ಬರೆದೂ ಬರೆದೂ ಆ ಭುಜ ಹೋಗಿದೆ. ಈ ಕಡೆ ಬಾ. ಜಾಸ್ತಿ ಭಾರ ಬಿಡ್ಬೇಡ."

೫. ಬಿಳಿ ಬೂಟು

ಮಧ್ಯಾಹ್ನ ಕ್ಯಾಸಿನೊ ಹಡಗಿಗೆ ಹೊರಟೆವು. ದೋಣಿ ಹತ್ತುವ ಕಟ್ಟೆಯಲ್ಲಿ ಕಾವಲಿನವನು ಮೇಷ್ಟ್ರ ಹವಾಯಿ ಚಪ್ಪಲಿ ನೋಡಿ ತಲೆ ಅಲ್ಲಾಡಿಸಿದ. ಬೂಟು ಇಲ್ಲದೆ ಒಳಗೆ ಬಿಡುವುದಿಲ್ಲವಂತೆ.

"ದುಡ್ಡು ಕಳ್ಕೊಳ್ಳೋಕೆ ಬೂಟು ಯಾಕೆ ಬೇಕು?" ಅಂತ ಮೇಷ್ಟ್ರು ನನ್ನನ್ನು ಕೇಳಿದರು. ಅದು ನನಗೂ ಗೊತ್ತಿರಲಿಲ್ಲ.

ನಮ್ಮಂಥವರು ದಿನವೂ ಬರುತ್ತಾರೆ ಅಂತ ಕಾಣುತ್ತದೆ. ಅಲ್ಲೇ ರಸ್ತೆಯ ಆ ಬದಿಗೆ ಬೂಟು ಬಾಡಿಗೆಗೆ ಕೊಡುವವನು ಒಬ್ಬನಿದ್ದ. ಆದರೆ ಮೇಷ್ಟ್ರ ಪಾದ ಸ್ವಲ್ಪ ದೊಡ್ಡದು. ಅವರ ಅಳತೆಗೆ ಅವನಲ್ಲಿದ್ದದ್ದು ಒಂದೇ ಜೊತೆ. ಹಾಲಿನ ಹಾಗೆ ಬಿಳುಪು, ಮುಂದೆ ಮೂತಿ ಚೂಪು, ಮೇಲೆ ಚಿನ್ನದ ಬಣ್ಣದ ಬಕಲ್ಲು. ಯಾವುದೋ ಮದುವೆಯ ಬ್ಯಾಂಡಿನವರು ಬಿಟ್ಟು ಹೋದದ್ದಿರಬೇಕು.

ಬೂದು ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ಕಾಲಲ್ಲಿ ಆ ಬೂಟು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಆದರೆ ಈಗಷ್ಟೇ ತಡೆದಿದ್ದ ಅದೇ ಕಾವಲಿನವನು ಬೂಟು ನೋಡಿದವನೇ ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಹಡಗಿನ ಬಾಗಿಲಲ್ಲಿ ಇಬ್ಬರು ಬಾಗಿ ನಮಸ್ಕಾರ ಮಾಡಿದರು. ಒಬ್ಬ ಬಂದು, ದೊಡ್ಡ ಆಟದ ಟೇಬಲ್ಲು ಮಹಡಿಯ ಮೇಲಿದೆ ಅಂತ ಕಿವಿಯಲ್ಲಿ ಹೇಳಿ ಹೋದ.

ಇಪ್ಪತ್ತೈದು ವರ್ಷ ಪಾಠ ಮಾಡಿ ಸಿಗದ ಮರ್ಯಾದೆಯನ್ನು ಮೇಷ್ಟ್ರು ಅರ್ಧ ದಿನದ ಬಾಡಿಗೆಗೆ ಪಡೆದಿದ್ದರು.

೬. ಹದಿನಾಲ್ಕು ಅಂಕ

ಕೂಪನ್ನಿನ ಜೊತೆ ಕೊಟ್ಟಿದ್ದ ಹತ್ತು ಪ್ಲಾಸ್ಟಿಕ್ ಬಿಲ್ಲೆಗಳನ್ನು ನಾನು ಕಾಲು ಗಂಟೆಯಲ್ಲಿ ಕಳೆದು ನಿರಾಳವಾದೆ. ಮೇಷ್ಟ್ರು ಒಂದನ್ನೂ ಮುಟ್ಟಲಿಲ್ಲ. ತಿರುಗುವ ಚಕ್ರದ ಟೇಬಲ್ಲಿನ ಮುಂದೆ ಕೈ ಕಟ್ಟಿ ನಿಂತರು. ಚಕ್ರದಲ್ಲಿ ಅಂಕಿ ಬರೆದ ಮನೆಗಳು, ಮೇಲೆ ಓಡುವ ಒಂದು ಪುಟ್ಟ ಗುಂಡು. ಗುಂಡು ಯಾವ ಮನೆಯಲ್ಲಿ ಬೀಳುತ್ತದೋ ಆ ಅಂಕಿಯ ಮೇಲೆ ಬಿಲ್ಲೆ ಇಟ್ಟವರಿಗೆ ದುಡ್ಡು. ಚಕ್ರ ತಿರುಗಿಸುತ್ತಿದ್ದವಳು ಕಪ್ಪು ಕೋಟು ಹಾಕಿದ ಒಬ್ಬ ಯುವತಿ. ಅವಳು ತಲೆ ಎತ್ತಿದಳು, ಮೇಷ್ಟ್ರನ್ನು ನೋಡಿದಳು. ಕೈಯಲ್ಲಿದ್ದ ಗುಂಡು ಚಕ್ರದೊಳಕ್ಕೆ ಜಾರಿತು.

"ನಮಸ್ತೆ ಸಾರ್," ಅಂದಳು ಮೆಲ್ಲಗೆ.

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. "ನೀನು... ಎ ಸೆಕ್ಷನ್?"

"ಬಿ ಸೆಕ್ಷನ್ ಸಾರ್. ಕೊನೇ ಬೆಂಚು. ಅರ್ಧವಾರ್ಷಿಕದಲ್ಲಿ ನಂಗೆ ಹದಿನಾಲ್ಕು ಕೊಟ್ಟಿದ್ರಿ."

"ಕೊಟ್ಟಿದ್ದಲ್ಲ. ನೀನು ತಗೊಂಡಿದ್ದು."

ಅಷ್ಟರಲ್ಲಿ ಗುಂಡು ಒಂದು ಮನೆಯಲ್ಲಿ ಬಿತ್ತು. ಗೆದ್ದವನೊಬ್ಬನ ಏಳು ಬಿಲ್ಲೆಗೆ ಮೂವತ್ತೈದು ಪಟ್ಟು, ಎರಡು ಅಂಕಿಯ ನಡುವಿನ ಗೆರೆಯ ಮೇಲಿಟ್ಟ ಇನ್ನು ನಾಲ್ಕು ಬಿಲ್ಲೆಗೆ ಹದಿನೇಳು ಪಟ್ಟು ಕೊಡಬೇಕಿತ್ತು. ಅವಳು ಕಣ್ಣು ಮಿಟುಕಿಸುವುದರೊಳಗೆ "ಮುನ್ನೂರ ಹದಿಮೂರು" ಅಂದು ಬಿಲ್ಲೆಗಳನ್ನು ತಳ್ಳಿಬಿಟ್ಟಳು. ಮೇಷ್ಟ್ರು ತುಟಿ ಆಡಿಸುತ್ತಾ ಮನಸ್ಸಿನಲ್ಲೇ ಲೆಕ್ಕ ಮಾಡಿದರು. ಇನ್ನೊಂದು ಸಲ ಮಾಡಿದರು. ಸರಿ ಇತ್ತು. ಅವರ ಮುಖ ನೋಡಲು ಆಗಲಿಲ್ಲ.

"ಇಷ್ಟು ಚೆನ್ನಾಗಿ ಯಾರು ಕಲಿಸಿದ್ರು ನಿಂಗೆ?"

"ಇಲ್ಲಿ ಮೂರು ತಿಂಗಳು ಟ್ರೈನಿಂಗ್ ಕೊಟ್ರು ಸಾರ್."

"ನಾನು ಮೂರು ವರ್ಷ ಕೊಟ್ಟಿದ್ನಲ್ಲ!"

"ಇಲ್ಲಿ ತಪ್ಪಾದ್ರೆ ಸಂಬಳ ಹಿಡೀತಾರೆ ಸಾರ್," ಅಂದಳು ಅವಳು ಪ್ರಾಮಾಣಿಕವಾಗಿ. "ನೀವು ಬರೀ ಕಿವಿ ಹಿಡೀತಿದ್ರಿ."

೭. ಹಡಗಿನಲ್ಲಿ ಪಾಠ

ಆ ಟೇಬಲ್ಲಿನಲ್ಲಿ ದಾವಣಗೆರೆ ಕಡೆಯ ಐದು ಜನ ಗೆಳೆಯರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಆಡುತ್ತಿದ್ದರು. ಆಡುತ್ತಿದ್ದರು ಅನ್ನುವುದಕ್ಕಿಂತ ಸೋಲುತ್ತಿದ್ದರು. ಅವರಲ್ಲಿ ಒಬ್ಬ ಮೇಷ್ಟ್ರ ಬೂಟು ನೋಡಿ, ಇವರು ಪಳಗಿದ ಆಟಗಾರ ಅಂದುಕೊಂಡ.

"ಸಾರ್, ಸುಮ್ನೆ ನಿಂತಿದೀರಲ್ಲ. ಯಾವ ನಂಬರ್ ಮೇಲೆ ಇಡ್ಬೇಕು, ಒಂದು ಹೇಳಿಕೊಡಿ ಸಾರ್."

"ಹೇಳಿಕೊಡಿ" ಅನ್ನುವ ಮಾತನ್ನು ನಮ್ಮವರ ಎದುರು ಯಾರೂ ಆಡಬಾರದು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು.

"ಚಕ್ರದಲ್ಲಿ ಎಷ್ಟು ಮನೆ ಇದೆ? ಎಣಿಸಿ."

ಐದೂ ಜನ ಬಾಗಿ ಎಣಿಸಿದರು. "ಸೊನ್ನೆ ಸೇರಿ ಮೂವತ್ತೇಳು ಸಾರ್."

"ಎಲ್ಲಾ ಮನೆ ಮೇಲೂ ಒಂದೊಂದು ಬಿಲ್ಲೆ ಇಟ್ರೆ?"

"ಗ್ಯಾರಂಟಿ ಗೆಲ್ತೀವಿ ಸಾರ್!"

"ಎಷ್ಟು ಇಟ್ರಿ?"

"ಮೂವತ್ತೇಳು."

"ಗೆದ್ದಾಗ ಎಷ್ಟು ವಾಪಸ್ ಬರುತ್ತೆ?"

ಐವರೂ ತಲೆ ಕೆರೆದುಕೊಂಡರು. ಚಕ್ರದ ಹಿಂದೆ ನಿಂತವಳಿಗೆ ತಡೆಯಲಾಗಲಿಲ್ಲ. "ಮೂವತ್ತೈದು, ಜೊತೆಗೆ ಇಟ್ಟಿದ್ದೊಂದು, ಒಟ್ಟು ಮೂವತ್ತಾರು ಸಾರ್!" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

"ಗುಡ್. ಕೂತ್ಕೋ," ಅಂದರು ಮೇಷ್ಟ್ರು. ಅವಳಿಗೆ ಕೂರಲು ಕುರ್ಚಿ ಇರಲಿಲ್ಲ. "ಈಗ ಹೇಳಿ. ಗ್ಯಾರಂಟಿ ಗೆದ್ದವನು ಎಷ್ಟು ಕಳ್ಕೊಂಡ?"

ಐವರೂ ಬೆರಳು ಮಡಚಿ ಎಣಿಸಿದರು. ಕೊನೆಗೆ ಐವರಲ್ಲಿ ದಪ್ಪಗಿದ್ದವನು ಕೈ ಎತ್ತಿ, "ಒಂದು ಸಾರ್," ಅಂದ.

"ಗೆದ್ದವನ ಕಥೆ ಇದು. ಇನ್ನು ಸೋತವನ ಕಥೆ ನಾನು ಹೇಳ್ಬೇಕಾ?"

ಮೇಷ್ಟ್ರ ದನಿ ಗೊತ್ತಲ್ಲ, ಫ್ಯಾನಿಲ್ಲದ ಕೋಣೆಯಲ್ಲಿ ಅರುವತ್ತು ಮಕ್ಕಳಿಗೆ ಕೇಳಿಸಿದ ದನಿ. ಪಕ್ಕದ ಟೇಬಲ್ಲಿನವರೂ ಬಂದು ನಿಂತರು. ಹಡಗಿನಲ್ಲಿ ಕನ್ನಡದವರೇ ಅರ್ಧ. ಒಬ್ಬರು, "ಸಾರ್, ಆ ಸೊನ್ನೆ ಯಾಕೆ ಇಟ್ಟಿದಾರೆ?" ಅಂತ ಕೇಳಿದರು. "ಹಡಗಿನ ಡೀಸೆಲ್ಲಿಗೆ," ಅಂದರು ಮೇಷ್ಟ್ರು. ಒಬ್ಬೊಬ್ಬರೇ ಬಿಲ್ಲೆಗಳನ್ನು ಜೇಬಿಗೆ ಹಾಕಿಕೊಳ್ಳತೊಡಗಿದರು. ಚಕ್ರ ನಿಂತೇಹೋಗಿತ್ತು. ಒಬ್ಬ ಹೆಂಗಸು ಗಂಡನ ಕೈಯಿಂದ ಬಿಲ್ಲೆ ಕಿತ್ತುಕೊಂಡು, "ಕೇಳಿಸ್ಕೊಂಡ್ರಾ? ನಾನು ಹೇಳಿದ್ರೆ ಕೇಳ್ತಿರ್ಲಿಲ್ಲ," ಅನ್ನುತ್ತಿದ್ದಳು.

ಆಗ ಕೋಟು ಟೈ ಹಾಕಿದ ಮ್ಯಾನೇಜರ್ ಬಂದರು. ಅವರು ಹಿಂದಿಯಲ್ಲಿ ಪಿಸುಗುಟ್ಟಿದರು. ಹದಿನಾಲ್ಕು ಅಂಕದವಳು ಮುಖ ಕೆಂಪು ಮಾಡಿಕೊಂಡು ಅದನ್ನು ಕನ್ನಡಕ್ಕೆ ತಂದಳು.

"ಸಾರ್, ನಿಮ್ದು ಊಟ ಆಯ್ತಾ ಅಂತ ಕೇಳ್ತಿದಾರೆ."

"ಆಯ್ತು."

"ಇನ್ನೊಂದ್ಸಲ ಮಾಡ್ತೀರಾ ಅಂತ ಕೇಳ್ತಿದಾರೆ. ಮೇಲಿನ ಮಹಡಿಯಲ್ಲಿ. ದೂರ."

"ಬೇಡ. ಹೊಟ್ಟೆ ತುಂಬಿದೆ."

ಮ್ಯಾನೇಜರ್ ಇನ್ನೇನೋ ಅಂದರು. ಅವಳು ನೆಲ ನೋಡಿದಳು. "ಹಾಗಾದ್ರೆ ದೋಣಿ ರೆಡಿ ಇದೆ ಅಂತ ಹೇಳ್ತಿದಾರೆ ಸಾರ್."

ಜೂಜಿನ ಹಡಗಿನಿಂದ ಮೋಸ ಮಾಡಿದವರನ್ನು ಹೊರಗೆ ಹಾಕುತ್ತಾರಂತೆ, ಕುಡಿದು ಗಲಾಟೆ ಮಾಡಿದವರನ್ನೂ ಹಾಕುತ್ತಾರಂತೆ. ಪಾಠ ಮಾಡಿದ್ದಕ್ಕೆ ಹಾಕಿದ್ದು ನಮ್ಮವರೊಬ್ಬರನ್ನೇ ಇರಬೇಕು. ಎರಡೂ ಕಡೆ ಒಬ್ಬೊಬ್ಬ ಕಾವಲಿನವನು, ನಡುವೆ ಬಿಳಿ ಬೂಟಿನ ಮೇಷ್ಟ್ರು, ಹಿಂದೆ ನಾನು. ಮೆಟ್ಟಿಲ ಹತ್ತಿರ ಆ ಹುಡುಗಿ ಓಡಿ ಬಂದು, ಮ್ಯಾನೇಜರಿಗೆ ಕಾಣದ ಹಾಗೆ ಬಾಗಿ ಮೇಷ್ಟ್ರ ಕಾಲು ಮುಟ್ಟಿ, ಅಷ್ಟೇ ವೇಗದಲ್ಲಿ ವಾಪಸ್ ಹೋದಳು.

ದೋಣಿಯಲ್ಲಿ ಕೂತ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೇಷ್ಟ್ರು ಮೊದಲು ಸಿಟ್ಟಾದರು, ಆಮೇಲೆ ಅವರೂ ನಕ್ಕರು. ಅವರಿಗೆ ನಗುವಾಗ ಹೊಟ್ಟೆ ಕುಲುಕುತ್ತದೆ, ಶಬ್ದ ಬರುವುದಿಲ್ಲ. ಅದೂ ನನಗೆ ಅವತ್ತೇ ಗೊತ್ತಾದದ್ದು. ಇಂಥ ಮನುಷ್ಯ ದಿನಾ ಒಂದೇ ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಬೇಜಾರಂತೂ ಆಗಲಾರದು ಅನ್ನಿಸಿತು.

"ಮನೆಗೆ ಹೋದ ಕೂಡ್ಲೆ ಆ ಅರ್ಜಿಗೆ ಸಹಿ ಹಾಕ್ತೀನಿ," ಅಂದೆ.

ಅವರು ನನ್ನ ಕೈ ಮೇಲೆ ಕೈ ಇಟ್ಟರು.

ದೋಣಿ ಬಿಡುವಷ್ಟರಲ್ಲಿ ದಾವಣಗೆರೆಯ ಐದೂ ಜನ ಓಡಿ ಬಂದು ಹತ್ತಿಕೊಂಡರು. ದಪ್ಪಗಿದ್ದವನು ಬಂದವನೇ ಮೇಷ್ಟ್ರ ಎದುರು ಕೈ ಮುಗಿದು ನಿಂತ. "ಸಾರ್, ವರ್ಷಕ್ಕೆ ಎರಡು ಸಲ ಬರ್ತೀವಿ. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರ್ಲಿಲ್ಲ. ಇನ್ನು ಆ ಹಡಗಿಗೆ ಕಾಲಿಡೋದಿಲ್ಲ ಸಾರ್, ನಮ್ಮ ಮಕ್ಕಳಾಣೆ."

ಮೇಷ್ಟ್ರ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಒಂದೇ ಪಿರಿಯಡ್ಡಿನಲ್ಲಿ ಲೆಕ್ಕ ಅರ್ಥವಾಯಿತು ಅಂದವರು ಇವರೇ ಮೊದಲು. ಎದ್ದು ನಿಂತು ಅವನ ಬೆನ್ನು ತಟ್ಟಿದರು. ಅವನು ಕಣ್ಣೊರೆಸಿಕೊಂಡು ನದಿಯ ಕಡೆ ತಿರುಗಿದ. ಅಲ್ಲಿ ಸ್ವಲ್ಪ ದೂರದಲ್ಲಿ ಬಣ್ಣದ ದೀಪ ಹಾಕಿಕೊಂಡು ಇನ್ನೊಂದು ಕ್ಯಾಸಿನೊ ಹಡಗು ನಿಂತಿತ್ತು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೇಷ್ಟ್ರ ಕಿವಿಯ ಹತ್ತಿರ ಬಾಗಿ, ತುಂಬ ವಿನಯದಿಂದ ಕೇಳಿದ:

"ಸಾರ್, ಒಂದೇ ಒಂದು ಡೌಟು. ಆ ಹಡಗಿನಲ್ಲಿ ಲೆಕ್ಕ ಬೇರೆ ಇರಬಹುದಾ?"